ಹಳ್ಳದ ನಟ್ಟನಡುವೆ ಗೂಟ ಹೊಡೆದವರಿಗೆ

ಕ್ಷೇತ್ರ ಪುನರ್ವಿಂಗಡಣೆಯ ಮಾನ್ಯ ಅಧಿಕಾರಿಗಳೇ,

ನಮ್ಮ ಒಂದು ಊರನ್ನು ತಾವು ಎರಡು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿಕೊಟ್ಟಿದ್ದೀರಿ. ಅದರ ಫಲವಾಗಿ ನಮ್ಮ ಹಳ್ಳದ ಮೇಲೆ ಅರ್ಧ ಸೇತುವೆ ನಿಂತಿದೆ. ಉಳಿದರ್ಧ ಇಲ್ಲದ್ದರಿಂದ ನಬಿಲಾಲನ ಮಗಳು ನಿಷತ ಈ ಮಳೆಗಾಲದಲ್ಲಿ ಹತ್ತನೆಯ ತರಗತಿಯ ಹಾಜರಿ ಕಳೆದುಕೊಳ್ಳುತ್ತಿದ್ದಾಳೆ. ದೂರು ಇಷ್ಟೇ. ಇಷ್ಟರಲ್ಲೇ ಅರ್ಥವಾದರೆ ಮುಂದೆ ಓದುವ ಶ್ರಮ ಬೇಡ. ಅರ್ಥವಾಗುವ ಹಾಗಿದ್ದರೆ ಇಷ್ಟು ವರ್ಷ ಹಿಡಿಯುತ್ತಿರಲಿಲ್ಲವಾದ್ದರಿಂದ, ಮುಂದುವರಿಸುತ್ತೇನೆ.

ನಾನು ಶಾಮಿಯಾನ, ಮೈಕು, ಕುರ್ಚಿ ಬಾಡಿಗೆಗೆ ಕೊಡುವವನು. ತೇಪೆ ಹಾಕಿದ ಒಂದು ತಾಡಪತ್ರಿಯಿಂದ ಶುರು ಮಾಡಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕೂ ಕಡೆ ಎಲ್ಲ ಪಕ್ಷಗಳ ತಲೆಗೂ ನೆರಳು ಕೊಟ್ಟವನು. ಯಾವ ನಾಯಕರ ಸಭೆಗೆ ಎಷ್ಟು ಕುರ್ಚಿ ಹೋದವು, ಎಷ್ಟು ಕುರ್ಚಿ ಮಡಚಿದ್ದು ಮಡಚಿದಂತೆಯೇ ವಾಪಸು ಬಂದವು ಎಂಬುದು ನನ್ನಷ್ಟು ಯಾವ ಸಮೀಕ್ಷೆಯವರಿಗೂ ಗೊತ್ತಿಲ್ಲ. ನಮ್ಮ ಕಸುಬಿನಲ್ಲಿ ಒಂದೇ ಶಿಸ್ತು: ಜಾಗ ನೋಡದೆ ಗೂಟ ಹೊಡೆಯಬಾರದು. ಗಾಳಿ ಯಾವ ಕಡೆಯದು, ನೀರು ಎಲ್ಲಿ ನಿಲ್ಲುತ್ತದೆ, ಬೀಗರು ಯಾವ ಬಾಗಿಲಿನಿಂದ ಬರುತ್ತಾರೆ, ಇಷ್ಟನ್ನು ನೋಡಿಯೇ ಸುತ್ತಿಗೆ ಎತ್ತುತ್ತೇವೆ. ಒಂದು ದಿನದ ಮದುವೆಗೆ ಇಷ್ಟು ಜಾಗ್ರತೆ. ತಾವು ದಶಕಗಳ ತನಕ ನಿಲ್ಲುವ ಚಪ್ಪರ ಹಾಕುವವರು. ತಮ್ಮ ಪೈಕಿ ಯಾರಾದರೂ ನಮ್ಮ ಹಳ್ಳಕ್ಕೆ ಒಮ್ಮೆ ಬಂದು ಕಾಲು ತೊಳೆದುಕೊಂಡು ಹೋದ ನೆನಪು ಊರಿಗಿಲ್ಲ.

ಊರಿನ ಹೆಸರು ಬೇಕೆ? ಬೇಡ ಬಿಡಿ. ಹೇಳಿದರೆ ಇಬ್ಬರೂ ಶಾಸಕರು ಅದು ಇನ್ನೊಬ್ಬರದು ಎನ್ನುತ್ತಾರೆ. ಕಾಗದದಲ್ಲಿ ಹಳ್ಳದ ಈಚೆಯದು ಬುದ್ರುಕ, ಅಂದರೆ ದೊಡ್ಡದು; ಆಚೆಯದು ಖುರ್ದ, ಅಂದರೆ ಚಿಕ್ಕದು. ಯಾವ ಕಾಲದ ಯಾವ ಕಾರಕೂನ ಹಾಗೆ ಬರೆದನೋ, ಕಂದಾಯ ಕಟ್ಟುವಾಗ ಬಿಟ್ಟರೆ ನಮಗೆ ಆ ಹೆಸರುಗಳು ನೆನಪಾಗುವುದೂ ಇಲ್ಲ. ಹೈಸ್ಕೂಲು ಈಚೆ, ಬೀರಪ್ಪನ ಗುಡಿ ಆಚೆ. ಹಿಟ್ಟಿನ ಗಿರಣಿ ಈಚೆ, ಗೋರಿಸ್ತಾನ ಆಚೆ. ಬದುಕಬೇಕಾದರೂ ಸಾಯಬೇಕಾದರೂ ಹಳ್ಳ ದಾಟಲೇಬೇಕು.

ಹೂವಿನ ಹಿಪ್ಪರಗಿ ಎಂಬ ವಿಧಾನಸಭಾ ಕ್ಷೇತ್ರವೊಂದು ಇದ್ದಾಗ ಈ ಎರಡೂ ದಂಡೆ ಅದರಲ್ಲಿದ್ದವು. ಆಗ ನಮ್ಮಲ್ಲೊಂದು ಪದ್ಧತಿಯಿತ್ತು. ಚುನಾವಣೆ ಬಂತೆಂದರೆ ಎರಡೂ ದಂಡೆಯವರು ಬೀರಪ್ಪನ ಗುಡಿಯ ಮುಂದೆ ಕೂಡುವುದು, ಬೆಳಗಿನಿಂದ ಜಗಳಾಡುವುದು, ಸಂಜೆಗೆ ಒಬ್ಬ ಅಭ್ಯರ್ಥಿಗೆ ಒಪ್ಪುವುದು. ಗುಡಿಯ ಹಿರಿಯ ಖಂಡೆಪ್ಪ ಮುತ್ಯಾ ಭಂಡಾರದ, ಅಂದರೆ ಬೀರಪ್ಪನ ಅರಿಷಿಣದ, ತಟ್ಟೆ ಹಿಡಿಯುವನು. ನಬಿಲಾಲನ ಅಪ್ಪನೂ ಸೇರಿದಂತೆ ಮನೆಗೊಬ್ಬರು ಅರಿಷಿಣ ಮುಟ್ಟಿದರೆ ಮಾತು ಮುಗಿಯಿತು. ಗುಪ್ತ ಮತದಾನದ ಪಾಠ ಹೇಳಬೇಡಿ, ಅದರ ಜಾಹೀರಾತು ಕೂಗಿದ್ದು ನನ್ನದೇ ಮೈಕು. ಉಳಿದ ಊರುಗಳು ಸೀರೆ, ಬಾಟಲಿ ತೆಗೆದುಕೊಂಡು ಮತ ಕೊಟ್ಟಾಗ ನಾವು ಕೆಲಸ ತೆಗೆದುಕೊಂಡೆವು. ಒಂದು ಚುನಾವಣೆಗೆ ಹೈಸ್ಕೂಲು ಬಂತು, ಒಂದಕ್ಕೆ ನೀರಿನ ಟಾಕಿ, ಇನ್ನೊಂದಕ್ಕೆ ಡಾಂಬರು ರಸ್ತೆ. ಮುಂದಿನ ಪಾಳಿ ಸೇತುವೆಯದಿತ್ತು.

ಆ ಪಾಳಿ ಬರುವ ಹೊತ್ತಿಗೆ ತಮ್ಮ ಹೊಸ ನಕ್ಷೆ ಬಂತು. 2008ರ ಚುನಾವಣೆಗೆ ಹೂವಿನ ಹಿಪ್ಪರಗಿ ಕ್ಷೇತ್ರವೇ ಇರಲಿಲ್ಲ. ಅದರ ಹಳ್ಳಿಗಳನ್ನು ಸುತ್ತಲಿನ ಕ್ಷೇತ್ರಗಳಿಗೆ ಹಂಚುವಾಗ, ಬುದ್ರುಕ ಒಬ್ಬರ ಪಾಲಿಗೆ, ಖುರ್ದ ಮತ್ತೊಬ್ಬರ ಪಾಲಿಗೆ ಬಿದ್ದವು. ಗೆಜೆಟ್ಟಿನಲ್ಲಿ ಪ್ರಕಟವಾಗಿತ್ತು ಎನ್ನುತ್ತೀರಿ. ಆಗಿರಬಹುದು. ನಮ್ಮೂರಿನ ಚಹಾದಂಗಡಿಗೆ ಗೆಜೆಟ್ಟು ಬರುವುದಿಲ್ಲ. ನಾವು ಎಂದಿನಂತೆ ಗುಡಿಯ ಮುಂದೆ ಕೂಡಿದೆವು. ಬುದ್ರುಕದ ಕಡೆಯ ಅಭ್ಯರ್ಥಿ ಬಂದರು, ಸೇತುವೆ ಒಪ್ಪಿಕೊಂಡರು, ಖಂಡೆಪ್ಪ ಮುತ್ಯಾನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರು. ಆ ಕಟ್ಟೆ ತಮ್ಮ ಕ್ಷೇತ್ರದಲ್ಲಿ ಇಲ್ಲವೆಂದು ಅವರಿಗೂ ಗೊತ್ತಿರಲಿಲ್ಲ. ಇಡೀ ಊರು ಭಂಡಾರ ಮುಟ್ಟಿತು.

ಮತದಾನದ ದಿನ ಆಚೆಯವರಿಗೆ ಆಚೆಯೇ ಹೊಸ ಮತಗಟ್ಟೆ. ಸರ್ಕಾರ ಸುಧಾರಿಸಿತು, ಹಳ್ಳ ದಾಟುವ ಕೆಲಸ ತಪ್ಪಿತು ಎಂದು ಎಲ್ಲರಿಗೂ ಸಂತೋಷ. ಮೊದಲು ಒಳಗೆ ಹೋದವನು ಖಂಡೆಪ್ಪ ಮುತ್ಯಾ. ಯಂತ್ರದ ಮೇಲೆ ಬೆರಳಾಡಿಸಿ ಆಡಿಸಿ, ಕೊನೆಗೆ ರಟ್ಟಿನ ಮರೆಯ ಹಿಂದಿನಿಂದ ಮುಖ ಹೊರಗೆ ಹಾಕಿದ.

“ಮಾಸ್ತರ, ನಮ್ಮ ಮನಷ್ಯಾ ಇದರಾಗ ಇಲ್ಲಲ್ರಿ?”

ಮತಗಟ್ಟೆಯ ಅಧಿಕಾರಿ ಹೆಸರು ಕೇಳಿಕೊಂಡು, “ಮುತ್ಯಾ, ಅವರು ಹಳ್ಳದ ಆ ಕಡೆ ಕ್ಷೇತ್ರದವರು. ನಿಮಗ ಬರಾಂಗಿಲ್ಲ” ಎಂದರು.

“ಮೊನ್ನೆ ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡದು ಹೋಗ್ಯಾನ. ಹೆಂಗ ಬರಾಂಗಿಲ್ಲ?”

“ಚಾಕ್ಕ ಬರ್ತಾರ ಮುತ್ಯಾ, ವೋಟಿಗೆ ಬರಾಂಗಿಲ್ಲ. ಇದ್ದವರೊಳಗ ಯಾರಿಗರೆ ಒತ್ತಿಬಿಡ್ರಿ.”

“ಭಂಡಾರ ಮುಟ್ಟಿದ ಕೈಲೆ ಯಾರಿಗರೆ ಅಂದ್ರ ಹೆಂಗ ಒತ್ತಲಿ? ನಿಮ್ಮ ಮಷೀನ ನೀವ ಇಟಗೋರಿ” ಎಂದು ಮುತ್ಯಾ ಹೊರಗೆ ಬಂದ. ಅವನ ಹಿಂದೆ ನಿಂತಿದ್ದ ಸಾಲು ಸಾಲೇ ತಿರುಗಿ ಮನೆಗೆ ನಡೆಯಿತು.

ಈಗ ಲೆಕ್ಕ ನೋಡಿ ಮಾನ್ಯರೇ. ಈಚೆಯವರು ಗೆದ್ದರು, ಆದರೆ ಊರು ಒಪ್ಪಿಕೊಂಡ ಮತಗಳಲ್ಲಿ ಅರ್ಧ ಮಾತ್ರ ಸಿಕ್ಕವು. ಊರು ಮೋಸ ಮಾಡಿತು ಎಂದರು. ಆಚೆಯ ಕ್ಷೇತ್ರದಲ್ಲಿ ಗೆದ್ದವರು ಖುರ್ದದ ಮತಗಟ್ಟೆಯ ಸೊನ್ನೆಗಳನ್ನು ನೋಡಿ, ಈ ಊರು ನನ್ನ ವೈರಿ ಎಂದರು. ಕೊಟ್ಟ ಮಾತು ಉಳಿಸಿಕೊಳ್ಳಲು ಮತವನ್ನೇ ಬಿಟ್ಟುಕೊಟ್ಟ ಊರಿಗೆ ಒಂದೇ ದಿನ ಎರಡೂ ಕಡೆಯಿಂದ ಸುಳ್ಳುಬುರುಕರೆಂಬ ಬಿರುದು! ಆಮೇಲೆ ಶಾಸಕರು ಬದಲಾದರು, ಪಕ್ಷಗಳು ಬದಲಾದವು, ಒಂದೇ ಮಂದಿ ಎರಡೆರಡು ಪಕ್ಷಗಳಲ್ಲೂ ಓಡಾಡಿದರು. ಬಿರುದು ಮಾತ್ರ ಬದಲಾಗಲಿಲ್ಲ. ನಮ್ಮೂರಲ್ಲಿ ಯಾವ ಜಾತಿಯ ಮನೆಗಳು ಎಷ್ಟು, ಒಳಪಂಗಡ ಯಾವುದು, ಯಾವ ಓಣಿಯನ್ನು ಯಾರು ತಿರುಗಿಸಬಲ್ಲರು ಎಂಬುದೆಲ್ಲ ಅವರಿಗೆ ಬಾಯಿಪಾಠ. ಹಳ್ಳಕ್ಕೆ ನೀರು ಯಾವಾಗ ಬರುತ್ತದೆ ಎಂಬುದೊಂದೇ ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು? ಅವರು ಬರುವುದು ಚುನಾವಣೆಗೆ, ಮೇ ತಿಂಗಳಲ್ಲಿ. ಆಗ ಹಳ್ಳದಲ್ಲಿ ಬರಿ ಉಸುಕು. ಅದರ ಮೇಲೆ ಕಾರು ದಾಟಿಸಿ, “ಎಲ್ಲೈತಿ ನಿಮ್ಮ ಹಳ್ಳ?” ಎಂದು ನಮ್ಮನ್ನೇ ಕೇಳುತ್ತಾರೆ.

ಆದರೂ ಒಬ್ಬ ಪುಣ್ಯಾತ್ಮರಿಗೆ ಕನಿಕರ ಹುಟ್ಟಿತು. ಈಚೆಯಿಂದ ಸೇತುವೆ ಕಟ್ಟಿಸಿದರು, ತಮ್ಮ ಕ್ಷೇತ್ರದ ಗಡಿಯ ತನಕ. ಗಡಿ ಎಲ್ಲಿದೆ? ಹಳ್ಳದ ನಟ್ಟನಡುವೆ. ಅಲ್ಲಿಗೆ ಸೇತುವೆ ನಿಂತಿತು. ಉದ್ಘಾಟನೆಗೆ ಶಾಮಿಯಾನ ನನ್ನದೇ. ರಿಬ್ಬನ್ನು ಕತ್ತರಿಸಿದ ಸನ್ಮಾನ್ಯರು ನಾಲ್ಕು ಹೆಜ್ಜೆ ನಡೆದು, ಮುಂದೆ ನೋಡಿ, ಹಾಗೆಯೇ ಹಿಂದಕ್ಕೆ ಬಂದರು. ಈಗ ಮಳೆ ಬಿಟ್ಟಾಗಲೆಲ್ಲ ಅದರ ಮೇಲೆ ಊರಿನವರು ಮೆಣಸಿನಕಾಯಿ ಒಣಗಿಸುತ್ತಾರೆ. ಇಷ್ಟು ಗಟ್ಟಿಮುಟ್ಟಾದ, ಗಾಳಿ ಬೆಳಕಿನ ಮೆಣಸಿನಕಾಯಿ ಕಣ ಜಿಲ್ಲೆಯಲ್ಲಿ ಮತ್ತೊಂದಿಲ್ಲವೆಂದು ಹೆಮ್ಮೆಯಿಂದ ಹೇಳಬಲ್ಲೆ.

ಇನ್ನು ನಿಷತಳ ವಿಷಯ. ನಬಿಲಾಲ ನನ್ನ ಮೈಕಿನ ಆಟೋ ಓಡಿಸುವವನು, ಮನೆ ಖುರ್ದದಲ್ಲಿ. ಮಗಳು ಕಲಿಯುವ ಹೈಸ್ಕೂಲು ಬುದ್ರುಕದಲ್ಲಿ. ಹಳ್ಳ ತುಂಬಿದರೆ ರಸ್ತೆಯ ಮೇಲೆ ಸುತ್ತು ಹಾಕಿ ಬರಲು ಬಸ್ಸಿಲ್ಲ, ಅಪ್ಪನ ಆಟೋ ಆ ಹೊತ್ತಿಗೆ ಯಾವ ಊರಲ್ಲಿರುತ್ತದೋ. ಹಾಜರಿ ಹೀಗೇ ಇಳಿದರೆ ಪರೀಕ್ಷೆಗೆ ಕೂಡಿಸಲು ಆಗುವುದಿಲ್ಲವೆಂದು ಮುಖ್ಯೋಪಾಧ್ಯಾಯರು ಹೇಳಿಕಳಿಸಿದ್ದಾರೆ. ನಿಷತಳಿಗಿಂತ ಮೊದಲು ಓಣಿಯ ಹೆಣ್ಣುಮಕ್ಕಳೆಲ್ಲ ಹೀಗೆಯೇ ಮಳೆಗಾಲದಲ್ಲಿ ಶಾಲೆ ಬಿಟ್ಟವರು. ಹತ್ತರ ತನಕ ಬಂದವಳು ಇವಳೊಬ್ಬಳೇ.

ನಾನೂ ನಬಿಲಾಲನೂ ಇಬ್ಬರು ಶಾಸಕರ ಕಚೇರಿಗೂ ಹೋದೆವು. ಆಚೆಯವರ ಆಪ್ತ ಸಹಾಯಕ, “ಹುಡಿಗಿ ನಮ್ಮಾಕಿ ಖರೆ, ಸಾಲಿ ಅವರದಲ್ರಿ. ಸಾಲಿ ಇದ್ದವರು ಹಾದಿ ಮಾಡಬೇಕು” ಎಂದ. ಈಚೆಯವರ ಆಪ್ತ ಸಹಾಯಕ, “ಸಾಲಿ ನಮ್ಮದೈತಿ. ಆದ್ರ ಹುಡಿಗಿ ಅವರ ಮತದಾರರ ಮಗಳು. ನಮ್ಮ ಪಾಲಿಂದು ಕಟ್ಟೇವಲ್ಲ?” ಎಂದು ಮೆಣಸಿನಕಾಯಿ ಕಣದ ಫೋಟೋ ತೋರಿಸಿದ.

ನಬಿಲಾಲನ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನಿಷತ ಪುಸ್ತಕದಿಂದ ತಲೆ ಎತ್ತಲಿಲ್ಲ.

“ಕಾಕಾ, ನನಗಿನ್ನೂ ವೋಟ ಇಲ್ಲ. ಅಂದಮ್ಯಾಲ ನಾ ಯಾರ ಕ್ಷೇತ್ರದಾಗೂ ಇಲ್ಲ, ಹೌದಿಲ್ಲೋ? ಹಂಗಿದ್ರ ನನ್ನ ಸಲುವಾಗಿ ಇಬ್ರೂ ಕೂಡಿ ಕಟ್ಟಾಕ ಏನ ಅಡ್ಡಿ?”

“ನೀ ವಕೀಲಕಿ ಕಲಿ ಬೇ” ಎಂದು ನಬಿಲಾಲ ನಕ್ಕ.

“ಕಲೀತೇನಿ ಅಬ್ಬಾ. ಮೊದಲ ಹಳ್ಳ ದಾಟಸು” ಎಂದಳು.

ಮಾನ್ಯರೇ, ಮತ್ತೆ ಹೊಸ ನಕ್ಷೆ ಬರೆಯುವ ಮಾತು ಕೇಳಿಬರುತ್ತಿದೆ. ಹೂವಿನ ಹಿಪ್ಪರಗಿಯನ್ನು ವಾಪಸು ಕೊಡಿ ಎಂದು ನಾನು ಕೇಳುವುದಿಲ್ಲ. ನಮ್ಮನ್ನು ಯಾವ ಕ್ಷೇತ್ರಕ್ಕೆ ಬೇಕಾದರೂ ಹಾಕಿ, ಆದರೆ ಎರಡೂ ದಂಡೆಯನ್ನು ಒಂದಕ್ಕೇ ಹಾಕಿ. ಅದಕ್ಕೂ ಮೊದಲು ಒಮ್ಮೆ ಬನ್ನಿ, ಮೇ ತಿಂಗಳಲ್ಲಲ್ಲ, ಈಗಲೇ, ಹಳ್ಳ ತುಂಬಿರುವಾಗ. ಮೆಣಸಿನಕಾಯಿ ಸರಿಸಿ ಅರ್ಧ ಸೇತುವೆಯ ತುದಿಯಲ್ಲಿ ಕುರ್ಚಿ ಹಾಕಿಸುತ್ತೇನೆ, ಬಾಡಿಗೆ ಬೇಡ. ಇಬ್ಬರೂ ಶಾಸಕರನ್ನು ಅಕ್ಕಪಕ್ಕ ಕೂಡಿಸಿಕೊಂಡು ಎದುರಿನ ದಂಡೆ ನೋಡಿ. ಪಾಟೀಚೀಲ ಎದೆಗವಚಿಕೊಂಡು ನಿಂತವಳೇ ನಿಷತ.

ಖಂಡೆಪ್ಪ ಮುತ್ಯಾ ಇನ್ನೂ ಇದ್ದಾನೆ. ಈ ಪತ್ರ ಬರೆಯುತ್ತೇನೆಂದಾಗ ಅವನು ಫೋನಿನಲ್ಲಿ ಹೇಳಿದ್ದು ಇಷ್ಟು: “ಇಷ್ಟ ದಿನಾ ಮಾತು ನಾವ ಕೊಟ್ಟೇವಿ. ಈ ಸಲ ತಟ್ಟಿ ಅವರ ಮುಂದ ಹಿಡೀರಿ, ಅವರ ಮುಟ್ಟಲಿ.”

ಭಂಡಾರದ ತಟ್ಟೆ ತಯಾರಿದೆ. ಆದರೆ ಮುತ್ಯಾ ಆಚೆಯ ದಂಡೆಯವನು. ನೀರು ಇಳಿಯುವ ತನಕ ಈಚೆ ತರಲಾರ.

ಇಂತಿ,
ಮನೆ ಒಂದು ಕ್ಷೇತ್ರದಲ್ಲಿ, ಗೋದಾಮು ಮತ್ತೊಂದರಲ್ಲಿ ಇರುವ,
ಸದ್ಯ ಎರಡರ ನಡುವೆ ಮೆಣಸಿನಕಾಯಿ ಕಾಯುತ್ತಿರುವ
ಶಾಮಿಯಾನದ ಗುರಪ್ಪ