ಬುರೈದಾದ ಕರಿಕಲ್ಲುಗಳು

ಭಾವಾ,

ಅಸ್ಸಲಾಮು ಅಲೈಕುಂ. ನಿನ್ನನ್ನು ಮಣ್ಣಿಗೆ ಇಟ್ಟು ಬಂದ ಮೇಲೆ ಬರೆಯುತ್ತಿರುವ ಮೊದಲ ಕಾಗದ. ಏಳನೆಯ ತರಗತಿಯ ಬೆಂಚಿನಲ್ಲಿ ಪಕ್ಕದಲ್ಲೇ ಕೂತು ನೀನು ನನ್ನ ಅಕ್ಷರಕ್ಕೆ ಕೋಳಿ ಕೆರೆದ ಹಾಗೆ ಎಂದು ನಗುತ್ತಿದ್ದೆ. ಈಗ ನಗು, ನೋಡುವ.

ನಾವು ದುಡಿಯಲು ಬಂದ ಈ ಅರಬರ ಊರಿಗೆ, ಬುರೈದಾಕ್ಕೆ, ನಿನ್ನ ಮಗಳು ಶಮೀಮಾ ಬಂದಿದ್ದಳು.

ಪುರಾತತ್ವ ಓದಲು ಇಟಲಿಗೆ ಹೋದ ಅವಳು ಕಳಿಸಿದ ಮೊದಲ ಫೋಟೊ ನೆನಪಿದೆಯಾ? ರೋಮಿನವರಿಗಿಂತಲೂ ಹಿಂದಿನ ಎಟ್ರುಸ್ಕನ್ ಎಂಬ ಜನ ಗುಡ್ಡ ಕೊರೆದು ಮಾಡಿದ ಗೋರಿ. ಅದರೊಳಗೆ ಮೊಣಕಾಲೂರಿ ಕೂತ ನಮ್ಮ ಹುಡುಗಿ, ಕೈಯಲ್ಲಿ ಕರಣೆ. "ಇಷ್ಟು ಓದಿಸಿದ್ದು ಮೇಸ್ತ್ರಿ ಕೆಲಸಕ್ಕಾ ಮಾರಾಯ?" ಎಂದೆ ನೀನು. ನಾನು ಬಿಡುತ್ತೇನಾ? ತಂಗಿಯ ಮಗಳು ಇಟಲಿಯಲ್ಲಿ ಚಿನ್ನ ಅಗೆಯುತ್ತಾಳೆ ಎಂದು ಖರ್ಜೂರದ ಮಾರ್ಕೆಟಿಗೆಲ್ಲ ಸಾರಿಬಿಟ್ಟೆ. ಅವಳಿಗೆ ಸಿಕ್ಕಿದ್ದು ಮಡಕೆ ಚೂರು. ಅದನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆದು ಒಣಗಿಸುವುದೇ ಕಲಿಯುವ ಮಕ್ಕಳ ಕೆಲಸವಂತೆ.

ನೀನು ಖರ್ಜೂರದ ಪೆಟ್ಟಿಗೆಗಳ ನಡುವೆ ಕುಸಿದ ದಿನವೂ ಅವಳು ಅಂಥದೇ ಒಂದು ಗೋರಿಯೊಳಗಿದ್ದಳು. ವೀಸಾ ಸಿಗುವಷ್ಟರಲ್ಲಿ ನಿನ್ನ ದಫನ ಮುಗಿದಿತ್ತು. ಇಲ್ಲಿಯ ಗೋರಿಗೆ ಹೆಸರಿಲ್ಲ, ಕಟ್ಟೆ ಇಲ್ಲ. ತಲೆಯ ಕಡೆ ಒಂದು ಕಲ್ಲು, ಅಷ್ಟೇ. ನಾನು ಬುದ್ಧಿ ಓಡಿಸಿ ಹೆದ್ದಾರಿ ಬದಿಯಿಂದ ಹೆಕ್ಕಿದ ಕರಿಕಲ್ಲು ನೆಟ್ಟೆ. ಕಣ್ಣು ಮುಚ್ಚಿ ನಡೆದರೂ ತೋರಿಸುತ್ತೇನೆ ಎಂದು ಅವಳಿಗೆ ಫೋನಿನಲ್ಲಿ...

ಆಮೇಲೆ ಅವಳು ಕರಣೆ ಮುಟ್ಟಲಿಲ್ಲ ಭಾವ. ಓದು ಅರ್ಧಕ್ಕೇ ಬಿಟ್ಟು ಊರಿನಲ್ಲಿ ಕೂತಳು. ಇಲ್ಲಿಗೆ ಬಂದ ದಿನ ಕಾರಿನಲ್ಲಿ ಕೇಳಿದೆ, ಯಾಕೆ ಮಗಾ? "ಎರಡೂವರೆ ಸಾವಿರ ವರ್ಷ ಹಿಂದೆ ಸತ್ತ ಹೆಂಗಸಿನ ಹೆಸರು ನನಗೆ ಗೊತ್ತುಂಟು ಮಾಮ, ಗೋಡೆಯಲ್ಲಿ ಕೆತ್ತಿದ್ದಾರೆ. ಬಾಪ ಎಲ್ಲಿ ಮಲಗಿದ್ದಾರೆ ಅಂತ ಗೊತ್ತಿಲ್ಲ. ಅದು ಗೊತ್ತಾಗದೆ ಇನ್ನೊಬ್ಬರ ಎಲುಬು ಮುಟ್ಟಲಿಕ್ಕೆ ಆಗುದಿಲ್ಲ."

"ಅದಕ್ಕೆ ನಾನಿಲ್ಲವಾ?" ಎಂದೆ.

ಇಳಿಹೊತ್ತಿನ ಅಸರ್ ನಮಾಜ್ ಮುಗಿಸಿ ಖಬರಸ್ತಾನಕ್ಕೆ ಹೋದೆವು. ಹೆಂಗಸರು ಒಳಗೆ ಹೋಗುವಂತಿಲ್ಲ. ಅವಳು ಗೇಟಿನ ಹೊರಗೆ ನಿಂತಳು, ನಾನು ಫೋನು ಕಿವಿಗಿಟ್ಟು ಒಳಗೆ. ನಿನ್ನ ಸಾಲು ಸಿಕ್ಕಿತು. ಆದರೆ ಸಾಲಿನುದ್ದಕ್ಕೂ ಕರಿಕಲ್ಲು! ನನ್ನಷ್ಟು ಬುದ್ಧಿವಂತರು ಬುರೈದಾದಲ್ಲಿ ಇಷ್ಟು ಜನ ಇದ್ದಾರೆಂದು ನನಗೆ ಯಾರು ಹೇಳಿದ್ದರು?

"ಸಿಕ್ಕಿತಾ ಮಾಮ?"

"ಸಿಕ್ಕಿತು ಮಗಾ. ಇದೇ." ಹತ್ತಿರದ ಒಂದು ಕಲ್ಲಿನ ಮುಂದೆ ನಿಂತೆ.

"ಎಡಗಡೆ ಎಂತ ಉಂಟು?"

"ಇನ್ನೊಂದು ಗೋರಿ."

"ಬಾಪನನ್ನು ಇಟ್ಟ ದಿನ ಅದು ಇತ್ತಾ?"

"ಇತ್ತು... ಇರಲಿಲ್ಲ."

"ಬಗ್ಗಿ ನೋಡಿ. ಯಾವ ಮಣ್ಣು ಹೆಚ್ಚು ತಗ್ಗಿದೆ? ಬಣ್ಣ ಒಂದೇಯಾ? ಒಮ್ಮೆ ಅಗೆದ ಮಣ್ಣು ಮೊದಲಿನ ಹಾಗೆ ಆಗುದಿಲ್ಲ ಮಾಮ."

"ಇಲ್ಲಿ ಎಲ್ಲ ಅಗೆದದ್ದೇ ಮಗಾ."

"ಸರಿ, ಆ ದಿನ ಬಲಗಡೆ ಎಂತ ಇತ್ತು?"

ಬಲಗಡೆ ನಾನು ನೋಡಿದ್ದೆನಾ? ನಿನ್ನ ಮೇಲೆ ಮಣ್ಣು ಬೀಳುವುದನ್ನು ನೋಡುತ್ತಿದ್ದವನು...

"ಯಾವುದೋ ಒಂದರ ಮುಂದೆ ನಿಂತಿದ್ದೀರಾ ಮಾಮ?"

"ಗೊತ್ತಾಗುದಿಲ್ಲ ಮಗಾ" ಎಂದೆ. ನನ್ನ ಬಾಯಿಂದ ಆ ಮಾತನ್ನು ನೀನು ಯಾವತ್ತಾದರೂ ಕೇಳಿದ್ದೆಯಾ?

ಒಂದು ಹಿಡಿ ಮಣ್ಣಾದರೂ ತರಲಾ ಎಂದು ಕೇಳಿದೆ.

"ಬೇಡ. ಯಾರದೋ ಏನೋ."

ಹೊರಗೆ ಬಂದಾಗ ನನ್ನ ಚಪ್ಪಲಿಗೆ ಮಣ್ಣು ಹತ್ತಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ಅದನ್ನು ಬೆರಳ ತುದಿಯಲ್ಲಿ ತೆಗೆದು, ತಿಕ್ಕಿ, ಬಿಸಿಲಿಗೆ ಹಿಡಿದು ನೋಡಿದಳು. ಇಟಲಿಯ ಆ ಗುಡ್ಡದಲ್ಲಿ ಕಲಿತದ್ದಿರಬೇಕು. ಆಮೇಲೆ ಗೇಟಿನ ಬುಡದಲ್ಲೇ ಉದುರಿಸಿದಳು. ಅಳಲಿಲ್ಲ. ಅತ್ತಿದ್ದರೆ ನನಗಾದರೂ ಸ್ವಲ್ಪ... ಕಾರು ಹತ್ತುವಾಗ ಕೇಳಿದ್ದು ಒಂದೇ ಮಾತು: "ಅಷ್ಟೂ ಕಲ್ಲು ಯಾರೋ ಗುರುತಿಗೆ ಇಟ್ಟದ್ದೇ ಅಲ್ವಾ ಮಾಮ?"

ಮೊನ್ನೆ ಅವಳ ಫೋನು ಬಂತು ಭಾವ, ಇಟಲಿಯಿಂದ. ವಾಪಸು ಹೋಗಿದ್ದಾಳೆ. ಈ ಸಲ ತೆರೆದ ಗೋರಿಗಳಲ್ಲಿ ಒಂದಕ್ಕೆ ಹೆಸರೇ ಇಲ್ಲವಂತೆ. ಬೇರೆ ಮಕ್ಕಳು ಹೆಸರಿರುವ ಗೋರಿಗಾಗಿ ಜಗಳವಾಡುವಾಗ ಇವಳು ಅದನ್ನೇ ಕೇಳಿ ಪಡೆದಳಂತೆ. "ಎಲುಬು ಮುಟ್ಟುವ ಮುಂಚೆ ಸಲಾಂ ಹೇಳಿದೆ ಮಾಮ. ಅವರಿಗೆ ಅರ್ಥ ಆಗ್ಲಿಕ್ಕಿಲ್ಲ" ಎಂದಳು.

ನಿನ್ನ ಗೋರಿ ಗೊತ್ತು ಎಂದು ಇನ್ನು ಯಾರ ಹತ್ತಿರವೂ ಕೊಚ್ಚಿಕೊಳ್ಳುವುದಿಲ್ಲ. ಶುಕ್ರವಾರ ಬರುತ್ತೇನೆ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ಒಂದೊಂದು ಕರಿಕಲ್ಲಿಗೂ ಸಲಾಂ ಹೇಳುತ್ತೇನೆ. ಅವರಲ್ಲಿ ಒಬ್ಬ ನೀನು. ಉಳಿದವರು ಯಾರ ಯಾರ ಭಾವಂದಿರೋ.