ಅವನಿಗೆ ನಾನು ಏನಾಗಬೇಕು?

ಓಹಾಯೋ ರಾಜ್ಯದ ನಮ್ಮ ನಗರದ ವಸತಿ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ, ನನ್ನ ತಮ್ಮ ಆರಿನ್ ತೀರಿಕೊಂಡ ಒಂಬತ್ತನೆಯ ದಿನ ನಿಮ್ಮ ಕಚೇರಿಯಿಂದ ಒಂದು ಲಕೋಟೆ ಬಂತು. ಒಳಗೆ ಎರಡು ಕಾಗದ. ಒಂದು ‘ಮೃತರ ಸಮೀಪ ಬಂಧುವಿಗೆ’: ಅವನ ಮಂಚ, ಗಾಲಿಕುರ್ಚಿ, ಬಟ್ಟೆಬರೆಗಳನ್ನು ತಿಂಗಳೊಳಗೆ ತೆರವು ಮಾಡತಕ್ಕದ್ದು. ಇನ್ನೊಂದು ‘ಮನೆಯಲ್ಲಿದ್ದ ಸಹಾಯಕಿಗೆ’: ಬಾಡಿಗೆದಾರರು ತೀರಿಕೊಂಡಿರುವುದರಿಂದ ತಮಗೆ ಅಲ್ಲಿ ಯಾವ ಹಕ್ಕೂ ಇಲ್ಲ, ತಿಂಗಳೊಳಗೆ ಹೊರಡತಕ್ಕದ್ದು. ಎರಡರ ಮೇಲೂ ನನ್ನದೇ ಹೆಸರು. ಸಾಮಾನು ಹೊರುವುದಕ್ಕೆ ನಾನು ಬಂಧು, ಸೂರಿನಡಿ ಇರುವುದಕ್ಕೆ ಮಾತ್ರ ಹೊರಗಿನವಳು. ಎರಡನ್ನೂ ಒಂದೇ ಲಕೋಟೆಗೆ ತುರುಕಿ ಅಂಚೆ ಖರ್ಚು ಉಳಿಸಿದ್ದೀರಿ. ಆ ಮಿತವ್ಯಯಕ್ಕೆ ನನ್ನ ನಮಸ್ಕಾರ.

ಒಡಹುಟ್ಟಿದವಳು ಸಹಾಯಕಿ ಹೇಗಾದಳು ಎಂದು ನೀವು ಕೇಳಬಹುದು. ನಾನೇ ಆದೆ, ನನ್ನ ಕೈಯಾರೆ ಆದೆ. ಆರಿನ್‌ಗೆ ಹತ್ತೊಂಬತ್ತನೆಯ ವಯಸ್ಸಿನಿಂದ ಮಾಂಸಖಂಡ ಸೊರಗುವ ಕಾಯಿಲೆ. ಅಂಗವಿಕಲರ ಮಾಸಾಶನ ಬರುತ್ತಿತ್ತು. ಏಳು ವರ್ಷ ಕಾದ ಮೇಲೆ, ಖಾಸಗಿ ಮನೆಯ ಬಾಡಿಗೆಯಲ್ಲಿ ಬಹುಪಾಲನ್ನು ಸರ್ಕಾರವೇ ಕಟ್ಟುವ ವೋಚರ್ ಪಡೆಯಲು ಅವನ ಸರದಿ ಬಂತು. ಅರ್ಜಿ ತುಂಬಲು ನಿಮ್ಮ ಮೂರನೆಯ ಕಿಟಕಿಯ ಮುಂದೆ ನಿಂತಿದ್ದೆವು. ಅಲ್ಲಿದ್ದ ಹೆಂಗಸು ನಿಜಕ್ಕೂ ಒಳ್ಳೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ದನಿ ತಗ್ಗಿಸಿ ಹೇಳಿದಳು: “ಕುಟುಂಬದವರು ಅಂತ ಹಾಕ್ಬೇಡಿ ಮೇಡಂ. ನಿಮ್ಮ ಸಂಬಳಾನೂ ಲೆಕ್ಕಕ್ಕೆ ಬರುತ್ತೆ, ಆಮೇಲೆ ಅರ್ಜಿಯೇ ಬಿದ್ದೋಗುತ್ತೆ. ಸಹಾಯಕಿ ಅಂತ ಚೌಕ ಇದೆಯಲ್ಲ, ಅದಕ್ಕೆ ಗುರುತು ಹಾಕಿ.” ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಗುರುತು ಹಾಕಿದೆ, ಸಹಿ ಮಾಡಿದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ ಎಂದು ತಿಳಿಯಲು ಆರು ವರ್ಷ ಬೇಕಾಯಿತು.

ಆರಿನ್‌ಗೆ ಮಾತ್ರ ಅದು ದೊಡ್ಡ ತಮಾಷೆ. ಬಸ್ಸಿನಲ್ಲೇ ಶುರು ಮಾಡಿದ: “ಏಯ್ ಸಹಾಯಕಿ, ಕಾಫಿ ಎಲ್ಲಿ? ಮೇಲಿನವರಿಗೆ ದೂರು ಕೊಡ್ತೀನಿ ನೋಡು.”

“ಕೊಡೋ, ಧಾರಾಳವಾಗಿ ಕೊಡು. ನಾಳೆಯಿಂದ ಆ ಮೇಲಿನವರೇ ಬಂದು ನಿನ್ನ ಗಡ್ಡ ಕೆರೀಲಿ” ಎಂದೆ. ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ನಕ್ಕ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ವೋಚರ್ ಕತೆಯೂ ಅದೇ. ಮನೆ ಹುಡುಕಲು ನೀವು ಕೊಟ್ಟದ್ದು ನೂರಿಪ್ಪತ್ತು ದಿನ. ಆರಿನ್‌ನ ಕಂಠ ಚೆನ್ನಾಗಿತ್ತು, ಫೋನಿನಲ್ಲಿ ಕೇಳಿದವರು ಬನ್ನಿ ಬನ್ನಿ ಎನ್ನುತ್ತಿದ್ದರು. ವೋಚರ್ ಎಂಬ ಮಾತು ಬಂದೊಡನೆ, “ಅಯ್ಯೋ, ಈಗಷ್ಟೇ ಬೇರೆಯವರಿಗೆ ಮಾತು ಕೊಟ್ಬಿಟ್ವಲ್ಲ!” ಮೂರು ವಾರ ಬಿಟ್ಟು ಅದೇ ಬೀದಿಯಲ್ಲಿ ಹೋದರೆ ‘ಬಾಡಿಗೆಗಿದೆ’ ಬೋರ್ಡು ಊರಂಚಿನ ಸರೋವರದ ಗಾಳಿಗೆ ಅಲ್ಲಾಡುತ್ತಲೇ ಇರುತ್ತಿತ್ತು. ಐವತ್ತೆರಡು ಮನೆ ಕೇಳಿದೆವು. ಐವತ್ಮೂರನೆಯವರು ಜೆಲಿನ್‌ಸ್ಕಿ, ರೈಲ್ವೆಯಿಂದ ನಿವೃತ್ತರಾದ ಮುದುಕರು. ತಮ್ಮ ಮನೆಯ ಕೆಳಭಾಗ ಕೊಟ್ಟರು. ಚರ್ಚಿನ ಗೆಳೆಯರನ್ನು ಕರೆದು ಗಾಲಿಕುರ್ಚಿ ಹತ್ತಲು ಹಲಗೆಯ ಇಳಿಜಾರನ್ನೂ ಕಟ್ಟಿಸಿದರು. ಅಲ್ಲಿ ನಾವು ಆರು ವರ್ಷ ಮನುಷ್ಯರ ಹಾಗೆ ಬಾಳಿದೆವು.

ನಿಮ್ಮ ಲಕೋಟೆ ಹಿಡಿದು ಮತ್ತೆ ಅದೇ ಕಿಟಕಿಗೆ ಬಂದೆ. ಈ ಸಲ ಒಬ್ಬ ತರುಣ ಅಧಿಕಾರಿ.

“ನೀವು ಅವರಿಗೆ ಏನಾಗ್ಬೇಕು?”

“ಅಕ್ಕ ಆಗ್ಬೇಕು.”

“ಇಲ್ಲಿ ಹಾಗಿಲ್ವಲ್ಲ ಮೇಡಂ. ಸಹಾಯಕಿ ಅಂತಿದೆ.”

“ಇಬ್ಬರ ಮನೆತನದ ಹೆಸರೂ ಒಂದೇ ಇದೆ, ನೋಡಪ್ಪ. ಜನನ ಪತ್ರನೂ ತಂದಿದೀನಿ.”

“ಅದೆಲ್ಲ ಇರ್ಲಿ. ಈ ಸಹಿ ನಿಮ್ಮದೇ ತಾನೇ?”

“ನನ್ನದೇ.”

“ಮತ್ತೆ?”

ಜನನ ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ. ಅಂದು ಸಂಜೆ ಜೆಲಿನ್‌ಸ್ಕಿಯವರು ಮೆಟ್ಟಿಲ ಮೇಲೆ ಕೂತು ಟೋಪಿ ತಿರುಗಿಸುತ್ತಾ ಹೇಳಿದರು: “ನಿನ್ನ ಹೊರಗೆ ಹಾಕೋ ಮನಸ್ಸು ನನಗಿಲ್ಲಮ್ಮ ವರ್ಲೀನ್. ಆದ್ರೆ ನನ್ನದೂ ನನ್ನ ಹೆಂಡತೀದೂ ಔಷಧಿ ನಡೆಯೋದೇ ಆ ಬಾಡಿಗೇಲಿ. ನಾನೇನು ಮಾಡ್ಲಿ, ನೀನೇ ಹೇಳು.” ಅವರನ್ನು ಏನೆಂದು ಅನ್ನಲಿ?

ಮಾನ್ಯರೇ, ಸಂಬಳಕ್ಕೆ ಬಂದವರು ರೋಗಿಯ ಮನೆ ಹೊಡೆದುಕೊಳ್ಳಬಾರದೆಂದು ನೀವು ನಿಯಮ ಮಾಡಿದ್ದೀರಿ, ಸರಿಯೇ. ನನಗೆ ಯಾರು ಸಂಬಳ ಕೊಟ್ಟರು? ಎದೆಯಲ್ಲಿ ಕಫ ಕಟ್ಟಿದಾಗ ಅವನ ಬೆನ್ನು ತಟ್ಟಿದ್ದಕ್ಕೆ ಯಾವ ಹಾಜರಿ ಪುಸ್ತಕವಿತ್ತು? ಉಸಿರಾಟದ ಯಂತ್ರ ತೆಗೆಯಲು ಒಪ್ಪಿಗೆ ಬೇಕಾದಾಗ ಆಸ್ಪತ್ರೆಯವರು ಪೆನ್ನು ನನ್ನ ಕೈಗೇ ಕೊಟ್ಟರು. ಅಂಥ ಸಹಿ ಹಾಕಲು ಈ ಓಹಾಯೋದಲ್ಲಿ ಯಾರಾದರೂ ಮನೆಗೆಲಸದವಳನ್ನು ಕರೆಯುತ್ತಾರೆಯೇ? ಆ ಸಹಿ ಹಾಕಿದ ಮೇಲೆ ನನಗೆ ನನ್ನ ಕೈಯನ್ನು ನೋಡಲಾಗುತ್ತಿಲ್ಲ. ತಪ್ಪು ಚೌಕಕ್ಕೆ ಗುರುತು ಹಾಕಿದ್ದೂ ಅದೇ ಕೈ.

ನನ್ನ ಬೇಡಿಕೆ ಇಷ್ಟೇ. ಕಡತದಲ್ಲಿ ನನ್ನನ್ನು ಅಕ್ಕ ಎಂದು ತಿದ್ದಿ, ಬಾಡಿಗೆದಾರರು ತೀರಿಕೊಂಡಾಗ ಉಳಿದ ಕುಟುಂಬದವರಿಗೆ ಸಲ್ಲುವಂತೆ ಆ ವೋಚರನ್ನು ನನ್ನ ಹೆಸರಿಗೆ ಮಾಡಿ. ನನ್ನ ಸಂಬಳ ಲೆಕ್ಕಕ್ಕೆ ಹಿಡಿಯಿರಿ, ದಂಡ ಹಾಕಿ, ಬೇಡವೆನ್ನುವುದಿಲ್ಲ. ಯಾಕೆ ಇಷ್ಟು ಅಂಗಲಾಚುತ್ತಿದ್ದೇನೆ ಎಂದರೆ, ಆಸ್ಪತ್ರೆಗೆ ಹೊರಟ ಬೆಳಗ್ಗೆ ನಾನು ಅವನಿಗೆ ಕಾಲುಚೀಲ ಹಾಕುತ್ತಿದ್ದಾಗ ಅವನು ಕೇಳಿದ: “ವರ್ಲೀನ್, ನಾನು ಹೋದ್ಮೇಲೆ ನೀನೆಲ್ಲಿ ಇರ್ತೀಯೇ?”

“ಎಲ್ಲಿ ಅಂದ್ರೆ? ಇಲ್ಲೇ ಕಣೋ. ನಿನ್ನ ಕೋಣೇಲಿ ದೊಡ್ಡ ಟಿವಿ ಹಾಕಿಸ್ಕೊಂಡು ಕಾಲು ಚಾಚ್ಕೊಂಡು ಕೂತಿರ್ತೀನಿ.”

“ಹಾಗಾದ್ರೆ ಸರಿ” ಎಂದ. ಆಮೇಲೆ ಆ ಮಾತು ಎತ್ತಲೇ ಇಲ್ಲ. ನನ್ನನ್ನು ನಂಬಿ, ನಿಶ್ಚಿಂತೆಯಿಂದ ಹೋದ. ಸತ್ತವನ ಮುಂದೆ ನನ್ನನ್ನು ಸುಳ್ಳುಗಾರ್ತಿ ಮಾಡಬೇಡಿ.

ಇಂತಿ,
ಈ ತಿಂಗಳ ಮೂವತ್ತರವರೆಗೆ ಮಾತ್ರ ವಿಳಾಸವಿರುವ
ವರ್ಲೀನ್ ಟ್ಯಾಕೆಟ್