ಹೆಂಡತಿ ಮುದುಕಿಯಾಗುವ ತನಕ

ವೃದ್ಧಾಪ್ಯ ನೆರವು ಇಲಾಖೆಯ ಮಾನ್ಯ ನಿರ್ದೇಶಕರೇ,

ನನ್ನ ಗಂಡನಿಗೆ ಎಪ್ಪತ್ತೊಂದು ತುಂಬಿದೆ. ಆದರೂ ಅವರಿನ್ನೂ ವೃದ್ಧರಲ್ಲ ಎಂದು ತಮ್ಮ ಕಚೇರಿ ತೀರ್ಮಾನಿಸಿದೆ. ಕಾರಣ ನಾನು. ನನಗೆ ಬರೀ ಐವತ್ತೇಳು. ದಂಪತಿಯಲ್ಲಿ ಕಿರಿಯರಿಗೂ ಅರವತ್ತಾರು ತುಂಬುವವರೆಗೆ ಹಿರಿಯರಿಗೆ ನೆರವಿಲ್ಲ ಎಂಬುದು ತಮ್ಮ ನಿಯಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಇಷ್ಟು ಅಚ್ಚುಕಟ್ಟಾಗಿ ಕಾನೂನು ಮಾಡಿದವರು ತಾವೇ ಇರಬೇಕು. ನನ್ನ ಗಂಡನದು ಏಣಿ ಹತ್ತಿ ಅಂಗಡಿಗಳ ಬೋರ್ಡು ಬರೆಯುವ ಕಸುಬು. ಬಲಗಾಲಿನ ಮಂಡಿ ಈಗ ಮಡಚುವುದಿಲ್ಲ. ನಾನು ಮುದುಕಿಯಾಗುವವರೆಗೆ, ಅಂದರೆ ಅವರಿಗೆ ಎಂಬತ್ತಾಗುವವರೆಗೆ, ಹತ್ತುತ್ತಲೇ ಇರಬೇಕು.

ನಾನು ಬ್ಯೂಟಿ ಪಾರ್ಲರಿನಲ್ಲಿ ಕೂದಲಿಗೆ ಬಣ್ಣ ಹಚ್ಚುವವಳು. ಸ್ವಂತ ತಲೆಯನ್ನು ಬಿಡುತ್ತೇನೆಯೇ? ತಮ್ಮ ಕೌಂಟರಿನ ಹುಡುಗಿ ಅದನ್ನೇ ನೋಡಿ, "ನಿಮಗೆ ಐವತ್ತೂ ಅನ್ಸಲ್ಲ ಬಿಡಿ ಆಂಟಿ" ಅಂದಳು. ಬೇರೆ ದಿನವಾಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ. ಆಮೇಲೆ ಅವಳೇ ದನಿ ತಗ್ಗಿಸಿ, "ಒಂದು ದಾರಿ ಇದೆ. ನೀವಿಬ್ರೂ ಬೇರೆ ಆದ್ರೆ ಅಂಕಲ್‌ಗೆ ತಕ್ಷಣ ಸಿಗುತ್ತೆ" ಅಂದಳು.

"ಬೇರೆ ಅಂದ್ರೆ? ಬೇರೆ ರೂಮಾ?"

"ಬೇರೆ ಮನೆ, ಆಂಟಿ."

"ಅಷ್ಟು ದೊಡ್ಡವನನ್ನ ಕಟ್ಕೊಂಡ್ರೆ ಮುಂದೆ ಅನುಭವಿಸ್ತೀಯ" ಎಂದು ನನ್ನ ಸೋದರತ್ತೆ ಮದುವೆಯ ಹೊತ್ತಿಗೇ ಹೇಳಿದ್ದಳು. ಅವಳ ಮಾತು ನಿಜ ಮಾಡಲು ಒಂದು ಇಲಾಖೆಯೇ ದುಡಿಯುತ್ತದೆಂದು ನನಗೇನು ಗೊತ್ತು? ಮನೆಗೆ ಬಂದು ಹೇಳಿದರೆ ಇವರು ಕುಂಚ ತೊಳೆಯುತ್ತಾ, "ಆಗ್ಲಿ ಬಿಡೇ, ಹಿಂದಿನ ಬೀದೀಲಿ ರೂಮ್ ಮಾಡ್ತೀನಿ. ಸಂಜೆ ಕದ್ದು ಬರ್ತೀನಿ, ಮದುವೆಗೆ ಮುಂಚೆ ಬರ್ತಿದ್ದೆನಲ್ಲ ಹಂಗೆ" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮಾನ್ಯರೇ, ನನ್ನ ಮಂಡಿ ಗಟ್ಟಿಯಿದ್ದರೆ ಅವರದು ನೋಯುವುದಿಲ್ಲವೇ? ನನಗೆ ಕನ್ನಡಕ ಬೇಡವೆಂದು ಅವರ ಕನ್ನಡಕ ಕಿತ್ತುಕೊಳ್ಳುತ್ತೀರಾ? ನನಗೆ ತಮ್ಮ ನೆರವು ಬೇಡ, ನಾನು ದುಡಿಯುತ್ತೇನೆ. ಆದರೆ ನನ್ನ ದುಡಿಮೆಯಲ್ಲಿ ಬಾಡಿಗೆ ಕಟ್ಟಿದರೆ ಔಷಧಿಗೆ ಉಳಿಯುವುದಿಲ್ಲ. ಅವರ ವಯಸ್ಸನ್ನು ಅವರದೆಂದೇ ಲೆಕ್ಕ ಹಾಕಿ. ನಿಯಮ ತಿದ್ದಿ.

ತಿದ್ದಲು ಸಮಯ ಬೇಕೇ? ಸರಿ. ನಾಳೆ ಬೆಳಿಗ್ಗೆ ಪೇಟೆಬೀದಿಯ ಚಪ್ಪಲಿ ಅಂಗಡಿಗೆ ಬನ್ನಿ. ಇವರು ಏಣಿಯ ಮೇಲಿರುತ್ತಾರೆ, ಅದರ ಒಂದು ಕಾಲನ್ನು ನಾನು ಹಿಡಿದಿರುತ್ತೇನೆ. ಇನ್ನೊಂದನ್ನು ತಾವು ಹಿಡಿದುಕೊಳ್ಳಿ.

ಇಂತಿ,
ಸ್ವಂತ ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟು, ಮುದುಕಿಯಾಗಲು ಶಕ್ತಿಮೀರಿ ಪ್ರಯತ್ನಿಸುತ್ತಿರುವ
ಒಬ್ಬ ಹೆಂಡತಿ